ಬಂಡೆಯ ಹೂವು, ಡಬ್ಬಿಯ ಹೂವು

ಹುಳಿಮಾವು ಎಂಬ ಊರಿನ ನಮ್ಮ ಮನೆಯಲ್ಲಿ ಎರಡು ಬಗೆಯ ಕಲ್ಲುಹೂವು ಇತ್ತು. ಒಂದು ಅಡುಗೆಮನೆಯ ನಾಗಂದಿಗೆಯ ಮೇಲಿನ ತಗಡಿನ ಡಬ್ಬಿಯದು. ಅದು ಅಂಗಡಿಯಿಂದ ಬರುತ್ತಿತ್ತು, ಚಕ್ಕೆ ಲವಂಗದ ಜೊತೆ ಮಸಾಲೆಗೆ ಸೇರುತ್ತಿತ್ತು. ಇನ್ನೊಂದು ಹಿತ್ತಿಲು ದಾಟಿ, ರಾಗಿ ಹೊಲದ ಬದುವಿನಾಚೆ ಮಲಗಿದ್ದ ಬಂಡೆಯ ಮೇಲೆ ತಾನಾಗಿ ಬೆಳೆದದ್ದು. ಅದು ಅಜ್ಜಿಯ ಔಷಧಿ. ನೋಡುವವರಿಗೆ ಎರಡೂ ಒಂದೇ. ಒಣಗಿ ಮುದುಡಿ ಅಂಚು ಸುರುಳಿಯಾದ, ಹೂವೂ ಅಲ್ಲದ ಎಲೆಯೂ ಅಲ್ಲದ ಚೂರುಗಳು, ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಬೂದಿ ಬಣ್ಣ. ಬಂಡೆಯದಕ್ಕೆ ಮಾತ್ರ ಹಳದಿ ಕಲೆಸಿದಂಥ ತೆಳು ಹಸಿರು ಇರುತ್ತಿತ್ತು, ಅದೂ ಬೆಳಕಿಗೆ ಹಿಡಿದರೆ ಕಾಣುವಷ್ಟು. "ಡಬ್ಬೀದು ಮರದ್ದು, ನಾಲಗೆಗೆ. ಬಂಡೇದು ಮೈಗೆ" ಎಂದು ಅಜ್ಜಿ ನನಗೆ ಮಾತು ಬರುವ ಹೊತ್ತಿಗೇ ಕಲಿಸಿದ್ದಳು. ಕಲಿತೂ ನಾನು ಅದಲು ಬದಲು ಮಾಡಿದೆ. ಆಗ ನನಗೆ ಹತ್ತು ವರ್ಷ. ಅದರಿಂದ ಅಮ್ಮನ ಕಾಲು ಕೆಟ್ಟಿತು, ಅಜ್ಜಿಯ ಕೈಗುಣಕ್ಕೆ ಕೆಟ್ಟ ಹೆಸರು ಬಂತು, ನಾನು ಮಾತ್ರ ಬಾಯಿ ಬಿಡದೆ ಒಳ್ಳೆಯ ಹುಡುಗಿಯಾಗಿಯೇ ಉಳಿದುಕೊಂಡೆ.

ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯ ಯಜಮಾನಿಕೆ ಹೆಸರಿಗೆ ಅಪ್ಪನದು, ನಡೆಯುತ್ತಿದ್ದದ್ದು ಅವಳ ಮಾತು. ಮುದ್ದೆ ಎಷ್ಟು ಗಟ್ಟಿ ಇರಬೇಕು, ಬಸ್ಸಾರಿಗೆ ಯಾವ ಸೊಪ್ಪು, ಯಾವ ಹಸುವಿನ ಹಾಲು ಮನೆಗೆ, ಯಾವುದು ಮಾರುವುದಕ್ಕೆ ಜಯನಗರಕ್ಕೆ, ಎಲ್ಲವೂ ಪಡಸಾಲೆಯ ಕಂಬಕ್ಕೆ ಒರಗಿ ಕಾಲು ಚಾಚಿ ಕೂತ ಕಡೆಯಿಂದಲೇ ತೀರ್ಮಾನವಾಗುತ್ತಿತ್ತು. ಅಡುಗೆಮನೆಯಲ್ಲಿ ಬೆವರು ಸುರಿಸುತ್ತಿದ್ದವಳು ಅಮ್ಮ, ಉಪ್ಪು ಹೇಳುತ್ತಿದ್ದವಳು ಅಜ್ಜಿ. ಅದೇ ಪಡಸಾಲೆಗೆ ಅರೆಕೆರೆಯಿಂದ, ಬೇಗೂರಿನ ಕಡೆಯಿಂದ ಜನ ಬರುತ್ತಿದ್ದರು. ಕುಡುಗೋಲು ತಾಗಿಸಿಕೊಂಡವರು, ಮುಳ್ಳು ಚುಚ್ಚಿ ಕೀವು ಕಟ್ಟಿದವರು, ಒಡೆದ ಕೆಚ್ಚಲಿನ ಹಸು ಹೊಡೆದುಕೊಂಡು ಬಂದವರು. ಅಜ್ಜಿ ಬಂಡೆಯ ಹೂವನ್ನು ಬೇರೆಯದೇ ಒಂದು ಚಪ್ಪಟೆ ಕಲ್ಲಿನ ಮೇಲೆ ನೀರು ಬೆರೆಸಿ ಅರೆದು ಗಾಯಕ್ಕೆ ಮೆತ್ತಿ, ಹಳೇ ಪಂಚೆಯ ಹರಕು ಕಟ್ಟುತ್ತಿದ್ದಳು. ಯಾರಿಂದಲೂ ಒಂದು ವೀಳ್ಯದೆಲೆಯನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಕೈಗುಣ ಹೋಗುತ್ತದೆ ಎಂಬ ನಂಬಿಕೆ. ಕೈಗುಣ ಎನ್ನುವುದು ನಮ್ಮ ಮನೆಯಲ್ಲಿ ಹಸು ಕರುವಿನ ಹಾಗೆ ನಿಜವಾದ ಒಂದು ಆಸ್ತಿ. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮೂಗು ನಶ್ಯದ ಹಾವಳಿಗೆ ಸಿಕ್ಕಿ ಎಂದೋ ಕೆಲಸ ಬಿಟ್ಟಿತ್ತು, ಹಾಲು ಸೀದು ಮನೆಯೆಲ್ಲ ಹೊಗೆಯಾದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೀಗಾಗಿ ಕಲ್ಲುಹೂವು ತರುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಕಣ್ಣೂ ಮೂಗೂ ನಾನೇ ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದಳು. ನನಗೆ ಅದರ ಜಂಬ ಎಷ್ಟಿತ್ತೆಂದರೆ ಸ್ಕೂಲಿನಲ್ಲಿ ಲೀಡರ್ ಆದವಳನ್ನೂ ನಾನು ಲೆಕ್ಕಕ್ಕಿಡುತ್ತಿರಲಿಲ್ಲ.

ತರುವುದಕ್ಕೆ ಕಟ್ಟಳೆಗಳಿದ್ದವು. ಬೆಳಕು ಹರಿಯುವ ಹೊತ್ತಿಗೆ ಬರಿಗಾಲಲ್ಲಿ ಹೋಗಬೇಕು. ಬಂಡೆಯ ಬುಡದಲ್ಲಿ ಒಂದು ಚಿಟಿಕೆ ರಾಗಿ ಹಿಟ್ಟಿಟ್ಟು "ಕೊಡು ತಾಯಿ" ಎನ್ನಬೇಕು. ನೀರು ಚಿಮುಕಿಸಿ ಸ್ವಲ್ಪ ಹೊತ್ತು ಕಾಯಬೇಕು, ಗರಿಗರಿ ಹೂವು ಆಗ ತೊಯ್ದ ಹಪ್ಪಳದ ಹಾಗೆ ಮೆತ್ತಗಾಗುತ್ತದೆ. ಬಿಸಿಲು ಕಡಿಮೆ ಬೀಳುವ ಮಗ್ಗುಲಲ್ಲೇ ಕೆರೆಯಬೇಕು, ಒಂದು ಹೂವಿನಲ್ಲಿ ಅರ್ಧವನ್ನು ಬಂಡೆಗೇ ಬಿಡಬೇಕು. ಇವೆಲ್ಲ ನನಗೆ ಸಲೀಸು. ಕಷ್ಟದ್ದು ಕೊನೆಯದು. ಕೆರೆದುಕೊಂಡು ಮನೆ ಸೇರುವವರೆಗೆ ಯಾರೊಂದಿಗೂ ಒಂದು ಮಾತೂ ಆಡಬಾರದು. ಆಡಿದರೆ ಔಷಧಿ ಸತ್ತಹಾಗೆ. ಅಲ್ಲೇ ಎಸೆದು ಬರಬೇಕು, ಆ ದಿನ ಮತ್ತೆ ಬಂಡೆಯ ಕಡೆ ತಲೆ ಹಾಕುವ ಹಾಗಿಲ್ಲ. ವಾಚಾಳಿ ಎಂದು ಊರೆಲ್ಲ ಹೆಸರಾಗಿದ್ದ ನಾನು ಆ ಕಾಲು ಮೈಲಿಯಲ್ಲಿ ತುಟಿ ಕಚ್ಚಿಕೊಂಡು ಬರುತ್ತಿದ್ದೆ. ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡಿ ನಗುತ್ತಿದ್ದಳು. ಅಜ್ಜಿಯ ವೈದ್ಯದ ವಿಷಯದಲ್ಲಿ ಅಮ್ಮ ನಕ್ಕದ್ದು ಅದೊಂದಕ್ಕೇ ಇರಬೇಕು. ಉಳಿದಂತೆ ಇಬ್ಬರಿಗೂ ಅದೇ ಜಗಳ. ನನ್ನ ತಮ್ಮ ನಾಗರಾಜನಿಗೆ ಆಗ ಎರಡು ವರ್ಷ, ತಿಂಗಳಿಗೊಮ್ಮೆ ಜ್ವರ ಬಂದು ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆಸ್ಪತ್ರೆಗೆ ಕರೆದೊಯ್ಯೋಣ ಎಂದು ಅಮ್ಮ, ಬೇಕಿಲ್ಲ ಎಂದು ಅಜ್ಜಿ.

"ಸೂಜಿ ಚುಚ್ಚಿ ಚುಚ್ಚಿ ಮಗೀನ ಕೊಂದಾಕ್ತಾರೆ. ನಾನಿಲ್ವಾ?"

"ನೀವಿದ್ದೀರ ಅತ್ತೆ. ನಂಗೆ ಭಯ ಅಷ್ಟೇ."

ಅಪ್ಪ ಇಬ್ಬರ ನಡುವೆ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಊಟ ಮುಗಿದರೂ ಅವನ ತೀರ್ಪು ಬರುತ್ತಿರಲಿಲ್ಲ. ತಮ್ಮನ ಹಣೆಗೆ ಅಜ್ಜಿಯ ಸೊಪ್ಪಿನ ರಸವೇ ಬೀಳುತ್ತಿತ್ತು.

ಹೀಗಿರುವಾಗ ಒಂದು ದಿನ ಕೊಟ್ಟಿಗೆಯಲ್ಲಿ ಅಮ್ಮ ಸಗಣಿ ಬಾಚುತ್ತಿದ್ದಾಗ ಗುದ್ದಲಿ ಜಾರಿ ಪಾದದ ಮೇಲೆ ಬಿತ್ತು. ಕಿರುಬೆರಳಿನಿಂದ ಹರಡಿನ ಕಡೆಗೆ ಉದ್ದಕ್ಕೆ ಸೀಳಿಹೋಯಿತು. ಅಪ್ಪ ಹಾಲಿನ ವ್ಯಾನು ತರಿಸುತ್ತೇನೆ, ಜಯನಗರದ ಆಸ್ಪತ್ರೆಗೆ ಹೋಗೋಣ ಎಂದ. ಅಜ್ಜಿ ಕಂಬ ಬಿಟ್ಟು ಎದ್ದಳು. ಊರಿನವರ ಕಾಲೆಲ್ಲ ನೋಡಿದವಳ ಮನೆಯಿಂದ ಸೊಸೆ ಆಸ್ಪತ್ರೆಗೆ ಹೋದರೆ ನಾಳೆ ಈ ಪಡಸಾಲೆಗೆ ಯಾರು ಬರುತ್ತಾರೆ ಎಂದು ನೇರವಾಗಿಯೇ ಕೇಳಿದಳು. ಮೂರು ದಿನ ನೋಡೋಣ ಎಂದು ರಾಜಿಯಾಯಿತು. ಮೊದಲ ದಿನವೂ ಎರಡನೆಯ ದಿನವೂ ನಾನು ಕಟ್ಟಳೆ ತಪ್ಪದೆ ಹೂವು ತಂದೆ. ಗಾಯ ಕೆಂಪಗಿದ್ದರೂ ಒಣಗುತ್ತಿತ್ತು, ತಣ್ಣಗಿದೆ ಎಂದು ಅಮ್ಮನೇ ಹೇಳಿದಳು. ಅಜ್ಜಿಗೆ ಆ ರಾತ್ರಿ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಮೂರನೆಯ ಬೆಳಗ್ಗೆ ಹೂವು ಕೆರೆದು ಲಂಗದ ಮಡಿಲಲ್ಲಿಟ್ಟುಕೊಂಡು ಹೊಲಕ್ಕೆ ಹೊಂದಿಕೊಂಡ ಕೆರೆಯ ಏರಿಯ ಮೇಲೆ ಬರುತ್ತಿದ್ದೆ. ಎದುರಿಗೆ ಬೇವಿನ ಕಡ್ಡಿ ಅಗಿಯುತ್ತ ನಮ್ಮ ಮೇಷ್ಟ್ರು.

"ಏನೇ ಸರೋಜಾ, ಇಷ್ಟೊತ್ತಿಗೇ ಎಲ್ಲಿಗೆ? ಹದಿನಾರರ ಮಗ್ಗಿ ಬಂತಾ?"

ಮೇಷ್ಟ್ರು ಕೇಳಿದಾಗ ಸುಮ್ಮನಿರುವುದು ಹೇಗೆ? ಸುಮ್ಮನಿದ್ದರೆ ಬೆತ್ತ, ಮಾತಾಡಿದರೆ ಔಷಧಿ ಸಾಯುತ್ತದೆ. ತಲೆಯಾಡಿಸಿ ತಪ್ಪಿಸಿಕೊಳ್ಳಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ.

"ಬಂತು ಸಾ" ಎಂದುಬಿಟ್ಟೆ.

ಮೇಷ್ಟ್ರು ಹೋದ ಮೇಲೆ ಮಡಿಲಿನ ಹೂವನ್ನು ನೋಡಿದೆ. ಅದು ನನ್ನ ಕಣ್ಣೆದುರಿಗೇ ಸತ್ತುಹೋದಂತೆ ಅನ್ನಿಸಿತು. ಅಳು ಬಂತು. ಸತ್ತ ಔಷಧಿಯನ್ನು ಅಮ್ಮನ ಕಾಲಿಗೆ ಹಾಕಿದರೆ ಏನಾಗುತ್ತದೋ ಎಂಬ ಭಯ, ಮಾತಾಡಿಬಿಟ್ಟೆ ಎಂದರೆ ಅಜ್ಜಿ ನನ್ನಿಂದ ಈ ಕೆಲಸವನ್ನೇ ಕಿತ್ತುಕೊಳ್ಳುತ್ತಾಳೆ ಎಂಬ ಭಯ. ಎರಡನೆಯದೇ ದೊಡ್ಡದಿತ್ತು, ಸುಳ್ಳೇಕೆ ಹೇಳಲಿ. ಹೂವನ್ನು ಕಳ್ಳಿ ಬೇಲಿಯೊಳಗೆ ಎಸೆದು, ಹಿತ್ತಿಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ, ಒರಳಿನ ಮೇಲೆ ಹತ್ತಿ ತಗಡಿನ ಡಬ್ಬಿ ಇಳಿಸಿಕೊಂಡೆ. ಕಾಲಿಗೆ ಏಟಾಗುವ ಹಿಂದಿನ ದಿನವಷ್ಟೇ ಅಮ್ಮ ಮಸಾಲೆ ಸಾಮಾನನ್ನೆಲ್ಲ ಒಣಗಿಸಿ, ಮಿಲ್ಲಿಗೆ ಕೊಡಲೆಂದು ಒಟ್ಟಿಗೆ ತುಂಬಿಟ್ಟಿದ್ದಳು. ಬ್ಯಾಡಗಿಯೂ ಗುಂಟೂರೂ ಕಲೆತ ಮೆಣಸಿನಕಾಯಿ, ಧನಿಯ, ಚಕ್ಕೆ, ಅವುಗಳ ನಡುವೆ ಕಲ್ಲುಹೂವು. ಇದನ್ನು ತಂದವರು ಯಾರೊಂದಿಗೂ ಮಾತಾಡಿರಲಾರರು, ಇದು ಸತ್ತಿರಲಾರದು ಎಂದು ಲೆಕ್ಕ ಹಾಕಿದೆ. ಹತ್ತು ವರ್ಷದ ತಲೆಗೆ ಅದು ಭೇಷಾದ ಯೋಚನೆ. ಒಂದು ಹಿಡಿ ಆರಿಸಿ ನೀರು ಚಿಮುಕಿಸಿ ಅಜ್ಜಿಯ ಕೈಗೆ ಕೊಟ್ಟೆ.

"ಬಂಡೇದೇ ತಾನೆ ಮಗ?"

"ಹೂಂ ಅಜ್ಜಿ."

ಅಜ್ಜಿ ಅರೆದಳು. ಕುಡುಗೋಲು ಹಿಡಿದು ಒರಟಾದ ಆ ಅಂಗೈಗೆ ಏನೂ ತಿಳಿಯಲಿಲ್ಲ. ಮೆತ್ತಿ ಬಟ್ಟೆ ಕಟ್ಟುತ್ತಿದ್ದ ಹಾಗೆ ಅಮ್ಮ ಚೀರಿದ ಚೀರಿಗೆ ಕೊಟ್ಟಿಗೆಯ ಕರು ಹಗ್ಗ ಹರಿದುಕೊಂಡು ಓಡಿತು. ಔಷಧಿ ಕಚ್ಚುತ್ತಿದೆ, ಒಳಗಿನ ಕೆಟ್ಟದ್ದನ್ನು ಎಳೆಯುತ್ತದೆ, ತಡಕೋ ಎಂದು ಅಜ್ಜಿ ಪಾದವನ್ನು ಒತ್ತಿ ಹಿಡಿದಳು. ಅಮ್ಮ ಸೆರಗು ಕಚ್ಚಿಕೊಂಡು ಸಂಜೆಯವರೆಗೆ ತಡೆದಳು. ಆಮೇಲೆ ತಾನೇ ಒಳಗೆ ಕುಂಟುತ್ತ ಹೋಗಿ, ಒಲೆಯ ಮುಂದೆ ಕೂತು ಬಟ್ಟೆ ಬಿಚ್ಚಿದಳು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವಳು ತಲೆ ಎತ್ತಿ ಒಂದು ಗಳಿಗೆ ನನ್ನನ್ನು ನೋಡಿ, ಮತ್ತೆ ಕಾಲಿನ ಕಡೆ ಬಗ್ಗಿದಳು. ಮಾರನೆಯ ದಿನ ಪಾದ ಬೂದುಗುಂಬಳದ ಹಾಗೆ ಊದಿತು, ಜ್ವರ ಏರಿತು. ಅಪ್ಪ ಈ ಸಲ ಯಾರನ್ನೂ ಕೇಳಲಿಲ್ಲ. ಹಾಲಿನ ವ್ಯಾನಿನಲ್ಲಿ ಖಾಲಿ ಕ್ಯಾನುಗಳ ನಡುವೆ ಅಮ್ಮನನ್ನು ಮಲಗಿಸಿಕೊಂಡು ಹೋದ.

ಅಮ್ಮ ಹದಿನೈದು ದಿನಕ್ಕೆ ವಾಪಸು ಬಂದಳು. ಕಾಲು ಉಳಿಯಿತು, ನಡೆಯುವಾಗ ಸ್ವಲ್ಪ ಎಳೆಯುವುದೂ ಉಳಿಯಿತು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಜ್ಜಿ ಪಡಸಾಲೆಗೆ ಬರಲಿಲ್ಲ. ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ತನ್ನ ಅಂಗೈಯನ್ನು ಇನ್ನೊಂದು ಕೈಯಿಂದ ತಿಕ್ಕುತ್ತಿದ್ದಳು. ಬೇಗೂರಿನಿಂದ ಯಾರೋ ಕೊಯ್ದ ಬೆರಳು ಹಿಡಿದುಕೊಂಡು ಬಂದಾಗ ಒಳಗಿನಿಂದಲೇ ಹೇಳಿಕಳಿಸಿದಳು.

"ನನ್ನ ಕೈಲಿದ್ದದ್ದು ಹೋಯ್ತು ಅಂತ ಹೇಳು ಮಗ. ಡಾಕ್ಟ್ರ ಹತ್ರ ಹೋಗ್ಲಿ."

ಆ ಮಾತನ್ನು ಬಾಗಿಲಿಗೆ ಹೋಗಿ ಒಪ್ಪಿಸಿದವಳೂ ನಾನೇ. ಅವತ್ತೇ ಬಾಯಿ ಬಿಡಬೇಕಿತ್ತು. ನಾಳೆ ಹೇಳುತ್ತೇನೆ ಅಂದುಕೊಂಡೆ. ನಾಳೆಗಳು ಕೂಡಿ ವರ್ಷಗಳಾದವು. ಅಜ್ಜಿ ಆಮೇಲೆ ಹತ್ತು ಹನ್ನೆರಡು ವರ್ಷ ಬದುಕಿದಳು, ಒಬ್ಬರ ಗಾಯಕ್ಕೂ ಕೈ ಹಚ್ಚಲಿಲ್ಲ. ಉಪ್ಪು ಹೇಳುವುದನ್ನೂ ಬಿಟ್ಟಳು. ಅಡುಗೆಮನೆ ಅಮ್ಮನದಾಯಿತು, ತಮ್ಮನಿಗೆ ಜ್ವರ ಬಂದರೆ ಅಪ್ಪ ಸೀದಾ ಜಯನಗರಕ್ಕೆ ಹೊತ್ತೊಯ್ಯುತ್ತಿದ್ದ. ನಾನು ಎಂ.ಎಸ್ಸಿ. ಹಾಸ್ಟೆಲ್ಲಿನಲ್ಲಿದ್ದಾಗ ಅಜ್ಜಿ ಹಾಸಿಗೆ ಹಿಡಿದು, ಹಾಗೆಯೇ ಹೋದಳು. ಅದಕ್ಕೂ ಎಷ್ಟೋ ಮೊದಲು, ನಾನು ಹೈಸ್ಕೂಲಿನಲ್ಲಿದ್ದಾಗಲೇ ಆ ಬಂಡೆಯನ್ನೂ ಜಲ್ಲಿಗೆಂದು ಸಿಡಿಸಿ ಮುಗಿಸಿದ್ದರು. ಒಡೆದ ಒಂದು ಚೂರನ್ನು ಹೂವಿನ ಸಮೇತ ಆರಿಸಿ ಕಾಗದದಲ್ಲಿ ಸುತ್ತಿಟ್ಟುಕೊಂಡದ್ದಷ್ಟೇ ನನಗೆ ಸಿಕ್ಕದ್ದು.

ಹುಳಿಮಾವಿನ ಹುಡುಗಿ ಕೆಮಿಸ್ಟ್ರಿಯನ್ನೇ ಏಕೆ ಹಿಡಿದಳು ಎಂದು ಜನ ಕೇಳಿದರೆ ನಾನು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ಆ ಕಾಗದದ ಪೊಟ್ಟಣದಲ್ಲಿತ್ತು. ಕಲ್ಲುಹೂವು ಒಂದು ಜೀವವಲ್ಲ, ಎರಡು ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ಒಂದು ಶಿಲೀಂಧ್ರ, ಇನ್ನೊಂದು ಪಾಚಿ. ಪಾಚಿ ಬಿಸಿಲಿನಿಂದ ಅನ್ನ ಮಾಡುತ್ತದೆ, ಶಿಲೀಂಧ್ರ ಅದಕ್ಕೆ ಸೂರು ಕಟ್ಟುತ್ತದೆ. ನಮ್ಮ ಮನೆಯ ಇಬ್ಬರು ಹೆಂಗಸರಿಗಿಂತ ಚೆನ್ನಾಗಿ ಹೊಂದಿಕೊಂಡು ಹೋಗುತ್ತವೆ. ಬರಿಯ ಬಂಡೆಯ ಮೇಲೆ ವರ್ಷಕ್ಕೆ ಕೂದಲೆಳೆಯಷ್ಟು ಬೆಳೆಯುವ ಈ ಜೀವವನ್ನು ಹುಳು ತಿಂದರೆ, ಬೂಷ್ಟು ಹಿಡಿದರೆ ಮತ್ತೆ ಚಿಗುರುವುದಕ್ಕೆ ಪುರುಸೊತ್ತಿಲ್ಲ. ಹಾಗಾಗಿ ಅದು ತನ್ನ ಮೈಯಲ್ಲೇ ಗಿಡಗಳಲ್ಲಿ ಸಿಗದಂಥ ಕಹಿ ಆಮ್ಲಗಳನ್ನು ಮಾಡಿಟ್ಟುಕೊಳ್ಳುತ್ತದೆ. ಬಂಡೆಯ ಹೂವಿನ ಆ ತೆಳು ಹಳದಿ ಬಣ್ಣವಿದೆಯಲ್ಲ, ಅದು ಉಸ್ನಿಕ್ ಆಮ್ಲ. ರೋಗಾಣುಗಳನ್ನು ತಡೆಯುವ ಗುಣ ಅದಕ್ಕಿದೆ ಎಂದು ಪುಸ್ತಕಗಳಲ್ಲಿ ಓದಿದ ದಿನ ಲೈಬ್ರರಿಯಲ್ಲೇ ಕೂತು ಆ ಪುಟವನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಡಬ್ಬಿಯ ಹೂವಿನಲ್ಲಿರುವುದು ಬೇರೆ ಆಮ್ಲಗಳು. ಅಜ್ಜಿ ಅಕ್ಷರ ಬಾರದೆ ಬೇರೆ ಮಾಡಿದ್ದನ್ನು ನಾನು ಅಕ್ಷರ ಕಲಿಯುತ್ತಿದ್ದಾಗ ಬೆರೆಸಿದ್ದೆ.

ಜಯನಗರದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಮೇಲೆ, ಪೊಟ್ಟಣದ ಹೂವಿನಲ್ಲಿ ಒಂದು ಚೂರು ತೆಗೆದು ಅದರ ಸಾರ ಇಳಿಸಿದೆ. ಪಕ್ಕದ ವಿಭಾಗದ ಗೆಳತಿ ರೋಗಾಣು ಬೆಳೆಸಿದ ಗಾಜಿನ ತಟ್ಟೆಯಲ್ಲಿ ಅದರ ಒಂದು ತೊಟ್ಟು ಇಟ್ಟು ಕೊಟ್ಟಳು. ಮಾರನೆಯ ದಿನ ಆ ತೊಟ್ಟಿನ ಸುತ್ತ ಒಂದು ಬಳೆಯಷ್ಟು ಜಾಗ ಸ್ವಚ್ಛವಾಗಿತ್ತು, ರೋಗಾಣು ಅದರೊಳಗೆ ಕಾಲಿಟ್ಟಿರಲಿಲ್ಲ. ಗೆಳತಿ ಏನೋ ತಮಾಷೆ ಮಾಡುತ್ತಿದ್ದಳು, ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಆದರೆ ಗಾಜಿನ ತಟ್ಟೆ ಬೇರೆ, ಮನುಷ್ಯರ ಕಾಲು ಬೇರೆ. ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲಿ ಸೋಲುವುದುಂಟು, ಮೈಯನ್ನೇ ಕೆಡಿಸುವುದೂ ಉಂಟು. ಉಸ್ನಿಕ್ ಆಮ್ಲ ಹೊಟ್ಟೆಗೆ ಹೋದರೆ ಪಿತ್ತಜನಕಾಂಗಕ್ಕೆ ಏಟು. ಆದ್ದರಿಂದಲೇ ಹೋದ ತಿಂಗಳು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ, ಕಲ್ಲುಹೂವಿನ ಕಷಾಯ ಕುಡಿದರೆ ಇಂತಿಂಥ ಕಾಯಿಲೆ ಮಾಯ ಎಂದು ನಾಗರಾಜನ ಹೆಂಡತಿ ಒಂದು ಫಾರ್ವರ್ಡ್ ಹಾಕಿದಾಗ ನನಗೆ ಸಿಟ್ಟು ನೆತ್ತಿಗೇರಿತು. ಯಾರೂ ಕುಡಿಯಕೂಡದು ಎಂದು ಉದ್ದಕ್ಕೆ ಬರೆದೆ. ಗ್ರೂಪಿನ ಹೆಡ್‌ಮಿಸ್ ಎಂದು ನನಗೆ ಮೊದಲೇ ಹೆಸರಿದೆ. ಎರಡು ದಿನ ಬಿಟ್ಟು ಅಮ್ಮನ ಫೋನು. ಭಾನುವಾರ ಬಾ ಎಂದಳು, ಏಕೆಂದು ಹೇಳಲಿಲ್ಲ.

ಹಳೆಯ ಮನೆ ಇದ್ದ ಜಾಗದಲ್ಲಿ ಈಗ ನಾಗರಾಜನ ಮೂರು ಮಹಡಿ. ಮೇಲೆಲ್ಲ ಹುಬ್ಬಳ್ಳಿ, ಬಾಗಲಕೋಟೆ ಕಡೆಯ ಬಾಡಿಗೆಯವರು, ಕೆಳಗೆ ಅವನ ಸಂಸಾರ ಮತ್ತು ಅಮ್ಮ. ಎಂಬತ್ತು ದಾಟಿದರೂ ಅವಳಿಗೆ ಕೈ ಸುಮ್ಮನಿಟ್ಟು ಗೊತ್ತಿಲ್ಲ. ವರಾಂಡದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಕೂತ ಮೇಲೆ ನನ್ನ ಮುಂದಕ್ಕೂ ಒಂದು ಹಿಡಿ ತಳ್ಳಿದಳು.

"ಕುಡೀಬೇಡಿ ಅಂತ ಬರ್ದಿದ್ದೀಯಂತೆ. ಹಚ್ಚೋದರ ಬಗ್ಗೆ ಏನೂ ಬರೀಲಿಲ್ವಂತೆ. ಯಾಕೆ?"

ನಾನು ಬರೆದದ್ದನ್ನು ಐವತ್ತು ಜನ ಓದಿದ್ದರು. ಬರೆಯದೆ ಬಿಟ್ಟದ್ದನ್ನು ಓದಿದವಳು ಇವಳೊಬ್ಬಳೇ. ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟೆ.

"ಅಮ್ಮಾ, ಅವತ್ತು ಮೂರನೇ ದಿನ ನಾನು ಅಜ್ಜಿಗೆ ಕೊಟ್ಟಿದ್ದು ಬಂಡೇದಲ್ಲ. ಮಸಾಲೆ ಡಬ್ಬೀದು. ಮೇಷ್ಟ್ರ ಹತ್ರ ಮಾತಾಡ್ಬಿಟ್ಟಿದ್ದೆ, ಹೂವು ಎಸ್ದುಬಿಟ್ಟೆ."

"ಗೊತ್ತು."

ಅವಳ ಕೈ ನಿಲ್ಲಲೂ ಇಲ್ಲ.

"ಮೆಣಸಿನಕಾಯಿ ಉರಿ ನಂಗೆ ಗೊತ್ತಾಗಲ್ವೇನೇ? ದಿನಾ ಅದರಲ್ಲೇ ಕೈ ಅದ್ದಿದವಳು. ಸಂಜೆ ಬಟ್ಟೆ ಬಿಚ್ಚಿದಾಗ ಗಾಯದಲ್ಲಿ ಒಂದು ಬೀಜ ಅಂಟ್ಕೊಂಡಿತ್ತು. ಉಗುರಲ್ಲಿ ಕಿತ್ತು ಒಲೆಗೆ ಹಾಕ್ದೆ."

"ಮತ್ತೆ ಯಾಕಮ್ಮ ಹೇಳ್ಲಿಲ್ಲ? ನನ್ನ ಬಯ್ತಾರೆ ಅಂತಾನಾ?"

"ನಿಂಗೋಸ್ಕರ ಅಂತ ಹೇಳ್ಬೋದು. ಸುಳ್ಳಾಗುತ್ತೆ. ನಿನ್ನ ತಮ್ಮಂಗೋಸ್ಕರ. ಅವನಿಗೆ ಜ್ವರ ಬಂದಾಗೆಲ್ಲ ನನ್ನ ಜೀವ ಬಾಯಿಗೆ ಬರೋದು, ಅತ್ತೆ ಬಿಡೋರಲ್ಲ. ಅವ್ರ ಕೈ ನಿಂತ್ರೆ ಸಾಕು ಅನ್ನಿಸಿತ್ತು. ಒಂದು ಮಾತು ಹೇಳಿದ್ರೆ ಅವ್ರ ಹೆಸರು ಉಳೀತಿತ್ತು. ನೀನು ಮಗು, ನಿಂಗೆ ತಿಳೀಲಿಲ್ಲ. ನಾನು ತಿಳಿದೂ ಸುಮ್ನಿದ್ದೆ."

ನನಗೆ ಅವಳ ಮೇಲೆ ಸಿಟ್ಟು ಬಂತು. ನಾನು ಒಬ್ಬಳೇ ಹೊತ್ತೆ ಎಂದುಕೊಂಡಿದ್ದ ತಪ್ಪಿನ ಇನ್ನೊಂದು ತುದಿಯನ್ನು ಇವಳು ಹಿಡಿದುಕೊಂಡು, ಒಂದೇ ಸೂರಿನಡಿ ನನಗೆ ಬಡಿಸುತ್ತಿದ್ದಳಲ್ಲ ಎಂದು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ವರಾಂಡದ ಆ ತುದಿಯಲ್ಲಿ ಐವತ್ತು ದಾಟಿದ ನಾಗರಾಜ ಬಾಡಿಗೆಯವರ ಜೊತೆ ಜೋರಾಗಿ ಮಾತಾಡುತ್ತ ಗುಂಡುಕಲ್ಲಿನ ಹಾಗೆ ನಿಂತಿದ್ದ.

"ನೀನು ಓದಿದವಳು, ಹೇಳು" ಎಂದಳು ಅಮ್ಮ. "ಅವತ್ತೂ ಬಂಡೇದೇ ಹಚ್ಚಿದ್ರೆ ಕಾಲು ವಾಸಿಯಾಗ್ತಿತ್ತಾ?"

ಅದನ್ನು ಕೇಳುವುದಕ್ಕೇ ಕರೆಸಿದ್ದಳು. ಇಲ್ಲ ಎಂದರೆ ಅವಳಿಗೆ ಸಮಾಧಾನ, ಹೌದು ಎಂದರೆ ಅಜ್ಜಿಗೆ ನ್ಯಾಯ. ತಟ್ಟೆಯ ಆ ಬಳೆ ನನ್ನ ಕಣ್ಣ ಮುಂದೆ ಬಂತು.

"ಅದರಲ್ಲಿ ಶಕ್ತಿ ಇತ್ತಮ್ಮ. ನಾನೇ ನೋಡಿದ್ದೀನಿ. ಆದ್ರೆ ನಿನ್ನ ಕಾಲು ವಾಸಿಯಾಗ್ತಿತ್ತಾ ಅಂದ್ರೆ ಗೊತ್ತಿಲ್ಲ."

"ಇಷ್ಟು ವರ್ಷ ಓದಿ ಗೊತ್ತಿಲ್ಲ ಅಂತೀಯಾ?"

"ಓದಿದ್ದಕ್ಕೇ ಗೊತ್ತಿಲ್ಲ ಅಂತೀನಿ."

ಅಮ್ಮ ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದ ದನಿಯಲ್ಲಿ ಶುರುಮಾಡಿದಳು.

"ಅತ್ತೆ ಹಾಸಿಗೆ ಹಿಡಿದಾಗ ಬೆನ್ನೆಲ್ಲ ಹುಣ್ಣು. ನೀನು ಹಾಸ್ಟೆಲ್ಲಲ್ಲಿದ್ದೆ. ದಿನಾ ಕೇಳೋರು, ಬಂಡೆ ಹೂವು ಹಚ್ಚೇ ಅಂತ. ಎಲ್ಲಿಂದ ತರ್ಲಿ, ಬಂಡೆನೇ ಇಲ್ಲ. ಕಣ್ಣು ಕಾಣ್ತಿರ್ಲಿಲ್ಲ ಅವ್ರಿಗೆ. ಆಸ್ಪತ್ರೆ ಮುಲಾಮೇ ಹಚ್ಚಿ, ಹೂಂ ಬಂಡೇದೇ ಅಂದೆ. ಒಂದು ವಾರಕ್ಕೆ ಹುಣ್ಣು ಒಣಗ್ತಾ ಬಂತು. ಆವತ್ತು ನನ್ನ ಕೈ ತಗೊಂಡು ಕಣ್ಣಿಗೆ ಒತ್ಕೊಂಡ್ರು. 'ನನ್ನ ಕೈಲಿದ್ದದ್ದು ಎಲ್ಲೋ ಹೋಯ್ತು ಅಂದ್ಕೊಂಡಿದ್ದೆ ಕಣವ್ವ, ನಿನ್ನ ಕೈಗೆ ಬಂದದೆ' ಅಂದ್ರು. ನಾನು ಹೂಂ ಅತ್ತೆ ಅಂದೆ."